ಹಳೆಯ ಇಂಗ್ಲಿಷ್ ಫುಟ್‌ಬಾಲ್ ಆಟಗಾರನ ಬದುಕನ್ನು ದಾಖಲೆಗಳಿಂದ ಕಟ್ಟುವ ಬಗೆ

ಇಂಗ್ಲೆಂಡ್‌ನ ಆಟಗಾರ ಟಾಮ್ ಫಿನ್ನಿ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ಪರ ಎಷ್ಟು ಪಂದ್ಯ ಆಡಿದರು ಎಂದು ಹುಡುಕಿದರೆ ಒಂದು ಕಡೆ 433 ಪಂದ್ಯ, 187 ಗೋಲು ಎಂದಿರುತ್ತದೆ. ಇನ್ನೊಂದು ಕಡೆ 473 ಪಂದ್ಯ, 210 ಗೋಲು. ಎರಡೂ ಸರಿಯೇ. ಮೊದಲನೆಯದು ಲೀಗ್ ಪಂದ್ಯಗಳ ಲೆಕ್ಕ, ಎರಡನೆಯದಕ್ಕೆ ಎಫ್.ಎ. ಕಪ್ ಎಂಬ ನಾಕ್‌ಔಟ್ ಟೂರ್ನಿಯ 40 ಪಂದ್ಯ, 23 ಗೋಲು ಸೇರಿವೆ. 1941ರಲ್ಲಿ ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ ಅವರು ಆಡಿದ ಯುದ್ಧಕಾಲದ ಕಪ್ ಫೈನಲ್ ಮಾತ್ರ ಈ ಎರಡರಲ್ಲಿ ಯಾವುದರಲ್ಲೂ ಇಲ್ಲ. 1935ರಿಂದ 1965ರವರೆಗಿನ ಇಂಗ್ಲಿಷ್ ವೃತ್ತಿಪರ ಆಟಗಾರರ ಬಗ್ಗೆ ಬರೆಯುವವರು ಎಡವುವುದು ಬಹುಪಾಲು ಇಲ್ಲೇ. ಅಂಕಿ ತಪ್ಪಾಗಿರುವುದಿಲ್ಲ, ಅದು ಏನನ್ನು ಎಣಿಸುತ್ತಿದೆ ಎಂಬುದನ್ನು ಯಾರೂ ಕೇಳಿರುವುದಿಲ್ಲ. ಹಾಗಾಗಿ ಸಿದ್ಧ ಮೊತ್ತದಿಂದ ಆರಂಭಿಸಬೇಡಿ. ಒಂದೊಂದೇ ಪಂದ್ಯದಿಂದ ಆರಂಭಿಸಿ ಮೊತ್ತಕ್ಕೆ ಬನ್ನಿ.

ಮೊದಲ ಕೆಲಸ: ಋತುವಿನ ಕೋಷ್ಟಕ

ಒಂದು ಋತುವಿಗೆ ಒಂದು ಸಾಲು ಹಾಕಿ. ಆ ಕಾಲದ ಇಂಗ್ಲಿಷ್ ಋತು ಆಗಸ್ಟ್ ಕೊನೆಯಲ್ಲಿ ಶುರುವಾಗಿ ಮರುವರ್ಷದ ಮೇ ತಿಂಗಳಲ್ಲಿ ಮುಗಿಯುತ್ತಿತ್ತು. ಆದ್ದರಿಂದ 1952 ಎಂದಷ್ಟೇ ಬರೆದರೆ ಅರ್ಥವಾಗುವುದಿಲ್ಲ, 1951-52 ಅಥವಾ 1952-53 ಎಂದು ಬರೆಯಬೇಕು. ಪ್ರತಿ ಸಾಲಿನಲ್ಲಿ ಈ ಕಲಮುಗಳಿರಲಿ: ಕ್ಲಬ್, ಡಿವಿಷನ್, ಕ್ಲಬ್ ಆಡಿದ ಲೀಗ್ ಪಂದ್ಯಗಳು, ಆಟಗಾರ ಆಡಿದ ಲೀಗ್ ಪಂದ್ಯಗಳು, ಲೀಗ್ ಗೋಲು, ಎಫ್.ಎ. ಕಪ್ ಪಂದ್ಯ, ಕಪ್ ಗೋಲು, ಇತರೆ. ಕೊನೆಯ ಕಲಮಿಗೆ ಅಗಲವಾದ ಜಾಗ ಬಿಡಿ. ಅದು "ಆಡದ ಪಂದ್ಯಗಳು ಮತ್ತು ಕಾರಣ". ಜೀವನಚಿತ್ರದ ಹೆಚ್ಚಿನ ಸಂಗತಿಗಳು ಹೊರಬರುವುದು ಈ ಕಲಮಿನಿಂದಲೇ.

ಕ್ಲಬ್ ಆಡಿದ ಪಂದ್ಯಗಳ ಸಂಖ್ಯೆ ಸ್ಥಿರವಾದದ್ದು, ಅದನ್ನು ತಾಳೆ ನೋಡಲು ಬಳಸಿ. ಮೊದಲ ಮತ್ತು ಎರಡನೇ ಡಿವಿಷನ್‌ಗಳಲ್ಲಿ ತಲಾ 22 ಕ್ಲಬ್, ಅಂದರೆ ಋತುವಿಗೆ 42 ಪಂದ್ಯ. ಮೂರನೇ ಡಿವಿಷನ್ ಉತ್ತರ, ದಕ್ಷಿಣ ಎಂದು ಎರಡು ಭಾಗವಾಗಿತ್ತು. 1950ರಲ್ಲಿ ಅವು ತಲಾ 22ರಿಂದ 24 ಕ್ಲಬ್‌ಗಳಿಗೆ ಬೆಳೆದ ಮೇಲೆ 46 ಪಂದ್ಯ. 1958-59ರಿಂದ ಉತ್ತರ-ದಕ್ಷಿಣ ಹೋಗಿ ಮೂರನೇ ಮತ್ತು ನಾಲ್ಕನೇ ಡಿವಿಷನ್ ಬಂದವು. 1955ರಲ್ಲಿ ಒಬ್ಬ ಆಟಗಾರ "ನಾಲ್ಕನೇ ಡಿವಿಷನ್"ನಲ್ಲಿ ಆಡಿದ ಎಂದು ಎಲ್ಲಾದರೂ ಕಂಡರೆ, ಬರೆದವರು ಹಿಂದಿನ ಕಾಲಕ್ಕೆ ನಂತರದ ಹೆಸರು ಹಚ್ಚಿದ್ದಾರೆ ಎಂದು ತಿಳಿಯಿರಿ. ಆ ಬರಹದ ಉಳಿದ ಮಾಹಿತಿಯನ್ನೂ ಅನುಮಾನದಿಂದಲೇ ಓದಿ.

ಕಪ್‌ಗೂ ಹೀಗೆಯೇ ಒಂದು ತಾಳೆ ಇದೆ. ಮೊದಲ ಎರಡು ಡಿವಿಷನ್‌ಗಳ ಕ್ಲಬ್‌ಗಳು ಎಫ್.ಎ. ಕಪ್‌ಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಜನವರಿಯ ಮೂರನೇ ಸುತ್ತಿನಲ್ಲಿ. ಡ್ರಾ ಆದರೆ ಮರುಪಂದ್ಯ, ಅದೂ ಡ್ರಾ ಆದರೆ ಮತ್ತೊಂದು. ಲೀಗ್ ಕಪ್ ಶುರುವಾದದ್ದು 1960-61ರಲ್ಲಿ. ಆದ್ದರಿಂದ 1960ರಲ್ಲಿ ನಿವೃತ್ತರಾದ ಫಿನ್ನಿಯ ಲೆಕ್ಕದಲ್ಲಿ ಲೀಗ್ ಕಪ್ ಕಲಮು ಖಾಲಿ.

ಫಿನ್ನಿಯದನ್ನೇ ಮುಂದುವರಿಸೋಣ. 1946-47ರಿಂದ 1959-60ರವರೆಗೆ 14 ಋತು. ನಡುವೆ ಎರಡು ಋತು ಪ್ರೆಸ್ಟನ್ ಎರಡನೇ ಡಿವಿಷನ್‌ನಲ್ಲಿತ್ತು, ಅಲ್ಲೂ 42 ಪಂದ್ಯವೇ. ಒಟ್ಟು 588. ಆಡಿದ್ದು 433. ಉಳಿದ 155 ಪಂದ್ಯಗಳಲ್ಲಿ ಅವರು ಎಲ್ಲಿದ್ದರು? ಒಂದಷ್ಟು ಗಾಯ. ಇನ್ನೊಂದಷ್ಟು ಇಂಗ್ಲೆಂಡ್ ತಂಡದ ಕರೆ. ಆ ಕಾಲದಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ವಿರುದ್ಧದ ಪಂದ್ಯಗಳು ಬಹಳಷ್ಟು ಸಲ ಶನಿವಾರವೇ ನಡೆಯುತ್ತಿದ್ದವು, ಅದೇ ದಿನ ಕ್ಲಬ್ ತನ್ನ ಲೀಗ್ ಪಂದ್ಯವನ್ನು ಅವರಿಲ್ಲದೆ ಆಡಬೇಕಿತ್ತು. ಆ 155 ದಿನಾಂಕಗಳನ್ನು ಪಟ್ಟಿಮಾಡಿ ಒಂದೊಂದರ ಮುಂದೆ ಕಾರಣ ಬರೆಯುತ್ತ ಹೋದರೆ, ಯಾವ ಚಳಿಗಾಲದಲ್ಲಿ ತೊಡೆಸಂದು ಕಾಡಿತು, ಯಾವ ವಸಂತದಲ್ಲಿ ಪೂರ್ತಿ ಹುರುಪಿತ್ತು ಎಂಬುದು ತಾನಾಗಿ ಎದ್ದುನಿಲ್ಲುತ್ತದೆ.

ಯುದ್ಧದ ಏಳು ಋತು

ಅತಿ ಹೆಚ್ಚು ಎಚ್ಚರ ಬೇಕಾದ ಭಾಗ ಇದು. 1939-40ರ ಲೀಗ್ ಮೂರು ಸುತ್ತು ನಡೆದು ನಿಂತಿತು. ಕೊನೆಯ ಸುತ್ತು ಸೆಪ್ಟೆಂಬರ್ 2ರಂದು, ಮರುದಿನವೇ ಯುದ್ಧ ಘೋಷಣೆ. ಆ ಮೂರು ಸುತ್ತಿನ ಫಲಿತಾಂಶಗಳನ್ನು ಅಧಿಕೃತ ದಾಖಲೆಯಿಂದ ತೆಗೆದುಹಾಕಲಾಯಿತು. ಕೆಲವು ಪುಸ್ತಕಗಳು ಅವನ್ನು ಸೇರಿಸುತ್ತವೆ, ಕೆಲವು ಬಿಡುತ್ತವೆ. ಇಬ್ಬರ ಲೆಕ್ಕದಲ್ಲಿ ಸರಿಯಾಗಿ ಎರಡು ಅಥವಾ ಮೂರು ಪಂದ್ಯದ ವ್ಯತ್ಯಾಸ ಕಂಡು, ಆಟಗಾರ 1939ರಲ್ಲಿ ತಂಡದಲ್ಲಿದ್ದರೆ, ಮೊದಲು ಈ ಸುತ್ತುಗಳನ್ನೇ ನೋಡಿ. ಬಹಳಷ್ಟು ಸಲ ಉತ್ತರ ಅಲ್ಲೇ ಇರುತ್ತದೆ.

ಆಮೇಲೆ 1946ರ ಆಗಸ್ಟ್‌ವರೆಗೆ ಪ್ರಾದೇಶಿಕ ಲೀಗ್‌ಗಳು ಮತ್ತು ಯುದ್ಧಕಾಲದ ಕಪ್‌ಗಳು ನಡೆದವು. ಇವು ಅಧಿಕೃತ ಮೊತ್ತಕ್ಕೆ ಸೇರುವುದಿಲ್ಲ. ಇದರಲ್ಲಿ ಒಂದು ಅಪವಾದವಿದೆ, ಅದನ್ನೇ ಹಲವರು ತಪ್ಪಿಸಿಕೊಳ್ಳುತ್ತಾರೆ: 1945-46ರ ಎಫ್.ಎ. ಕಪ್ ಅಧಿಕೃತ. ಆ ವರ್ಷದ ಲೀಗ್ ಅಧಿಕೃತವಲ್ಲ. ಅದೂ ಅಲ್ಲದೆ ಆ ಒಂದು ವರ್ಷ ಕಪ್‌ನ ಆರನೇ ಸುತ್ತಿನವರೆಗೆ ಪ್ರತಿ ಸುತ್ತನ್ನೂ ತವರಿನಲ್ಲೊಂದು, ಎದುರಾಳಿಯ ಅಂಗಳದಲ್ಲೊಂದು ಎಂದು ಎರಡು ಪಂದ್ಯಗಳಾಗಿ ಆಡಿಸಿದರು. ಹಾಗಾಗಿ ಒಬ್ಬ ಆಟಗಾರನ ಮೊದಲ ಅಧಿಕೃತ ಪಂದ್ಯ 1946ರ ಜನವರಿಯ ಕಪ್ ಪಂದ್ಯವಾಗಿದ್ದು, ಮೊದಲ ಲೀಗ್ ಪಂದ್ಯ ಏಳು ತಿಂಗಳ ನಂತರದ್ದಾಗಿರಬಹುದು. "ಪದಾರ್ಪಣೆ" ಎಂದು ಬರೆಯುವಾಗ ಯಾವುದರ ಪದಾರ್ಪಣೆ ಎಂದು ಹೇಳಲೇಬೇಕು. ಬೋಲ್ಟನ್‌ನ ನ್ಯಾಟ್ ಲಾಫ್ಟ್‌ಹೌಸ್ 1941ರ ಮಾರ್ಚ್‌ನಲ್ಲಿ, 15ನೇ ವಯಸ್ಸಿನಲ್ಲಿ, ಬರಿ (Bury) ಎಂಬ ಊರಿನ ತಂಡದ ವಿರುದ್ಧ ಯುದ್ಧಕಾಲದ ಪಂದ್ಯದಲ್ಲಿ ಆಡಿ ಎರಡು ಗೋಲು ಹೊಡೆದರು. ಅವರ ಲೀಗ್ ಪದಾರ್ಪಣೆ 1946ರ ಆಗಸ್ಟ್ 31. ನಡುವಿನ ಐದು ವರ್ಷಗಳಲ್ಲಿ ಅವರು ಕಲ್ಲಿದ್ದಲು ಗಣಿಗೆ ಇಳಿದು ದುಡಿದಿದ್ದರು. ಫಿನ್ನಿಯ ಲೀಗ್ ಪದಾರ್ಪಣೆಯೂ ಅದೇ ದಿನ, 24ನೇ ವಯಸ್ಸಿನಲ್ಲಿ. ವೃತ್ತಿಪರರಾಗಿ ಸಹಿ ಹಾಕಿ ಆರು ವರ್ಷ ಕಳೆದಿತ್ತು, ಸೈನ್ಯದೊಂದಿಗೆ ಈಜಿಪ್ಟ್, ಇಟಲಿ ನೋಡಿ ಬಂದಿದ್ದರು. ಮೊತ್ತವನ್ನಷ್ಟೇ ನೋಡಿದವರಿಗೆ ಇವರಿಬ್ಬರೂ ತಡವಾಗಿ ಅರಳಿದವರಂತೆ ಕಾಣುತ್ತಾರೆ. ಅದು ನಿಜವಲ್ಲ.

ಅತಿಥಿ ಆಟಗಾರರ ವಿಷಯಕ್ಕೆ ಬನ್ನಿ. ಯುದ್ಧ ಬಂದೊಡನೆ ಒಪ್ಪಂದಗಳು ನಿಂತುಹೋದವು, ಪಂದ್ಯಕ್ಕೆ 30 ಶಿಲಿಂಗ್‌ನಂತೆ ಕೊಡತೊಡಗಿದರು. ಸೈನ್ಯದಲ್ಲಿದ್ದವರು ತಮ್ಮ ಶಿಬಿರದ ಹತ್ತಿರದ ಕ್ಲಬ್‌ಗೆ ಆಡಿದರು. ಹೀಗಾಗಿಯೇ ಸೈನಿಕ ಪಟ್ಟಣವಾದ ಆಲ್ಡರ್‌ಶಾಟ್‌ನ ಚಿಕ್ಕ ಕ್ಲಬ್‌ಗೆ ಕ್ಲಿಫ್ ಬ್ರಿಟನ್, ಸ್ಟಾನ್ ಕಲಿಸ್, ಜೋ ಮರ್ಸರ್ ಎಂಬ ಇಂಗ್ಲೆಂಡ್ ತಂಡದ ಮೂವರು ಹಾಫ್‌ಬ್ಯಾಕ್‌ಗಳು (ಬ್ಯಾಕ್‌ಗಳ ಮುಂದಿನ ಸಾಲಿನವರು) ಒಟ್ಟಿಗೆ ಸಿಕ್ಕಿದರು. ಇವರು ಆಲ್ಡರ್‌ಶಾಟ್ ಆಟಗಾರರಲ್ಲ. ಅವರ ನೋಂದಣಿ ಎವರ್ಟನ್ ಮತ್ತು ವುಲ್ವರ್‌ಹ್ಯಾಂಪ್ಟನ್‌ಗಳಲ್ಲೇ ಉಳಿದಿತ್ತು. ಸ್ಟಾನ್ಲಿ ಮ್ಯಾಥ್ಯೂಸ್ ವಾಯುಪಡೆಯಲ್ಲಿದ್ದಾಗ ಬ್ಲ್ಯಾಕ್‌ಪೂಲ್‌ಗೆ ಅತಿಥಿಯಾಗಿ ಆಡಿದರು, ಆದರೆ ಸ್ಟೋಕ್ ಸಿಟಿಯಿಂದ ಅಲ್ಲಿಗೆ ವರ್ಗವಾದದ್ದು 1947ರಲ್ಲಿ, 11,500 ಪೌಂಡ್‌ಗೆ. ಕೋಷ್ಟಕದಲ್ಲಿ ಯುದ್ಧಕಾಲಕ್ಕೆ ಎರಡು ಕಲಮು ಮಾಡಿ: ನೋಂದಣಿಯ ಕ್ಲಬ್, ಆಡಿದ ಕ್ಲಬ್.

ಯುದ್ಧಕಾಲದ ತಂಡಪಟ್ಟಿಗಳಲ್ಲಿ "ಎ. ಎನ್. ಅದರ್" ಎಂಬ ಹೆಸರು ಆಗಾಗ ಸಿಗುತ್ತದೆ. ಅಂಥ ಆಟಗಾರ ಯಾರೂ ಇರಲಿಲ್ಲ. ಯಾರು ಬರುತ್ತಾರೋ ಗೊತ್ತಿಲ್ಲದಾಗ ಅಥವಾ ಹೆಸರು ಬಹಿರಂಗವಾಗಬಾರದಾಗ ಹಾಕುತ್ತಿದ್ದ "ಇನ್ನೊಬ್ಬ" ಅಷ್ಟೆ. ಮರುದಿನದ ಪತ್ರಿಕೆಯಲ್ಲಿ ಆ ಸ್ಥಾನದಲ್ಲಿ ಯಾರಿದ್ದರೆಂದು ನೋಡಿ.

ಯುದ್ಧ ಮುಗಿದ ಮೇಲೂ ಸೈನ್ಯ ಬಿಡಲಿಲ್ಲ. ರಾಷ್ಟ್ರೀಯ ಸೇವೆಯ ಹೆಸರಿನಲ್ಲಿ ಹದಿನೆಂಟು ತುಂಬಿದ ಹುಡುಗರನ್ನು ಕರೆಸಿಕೊಳ್ಳುವುದು 1960ರ ಕೊನೆಯವರೆಗೆ ನಡೆಯಿತು, 1950ರಿಂದ ಅದರ ಅವಧಿ ಎರಡು ವರ್ಷ. 18ರಿಂದ 20ರ ವಯಸ್ಸಿನಲ್ಲಿ ಪಂದ್ಯಗಳು ಇದ್ದಕ್ಕಿದ್ದಂತೆ ಚದುರಿಹೋಗಿದ್ದರೆ ಗಾಯವೆಂದು ಊಹಿಸುವ ಮುಂಚೆ ಇದನ್ನು ಪರಿಶೀಲಿಸಿ. ಡಂಕನ್ ಎಡ್ವರ್ಡ್ಸ್, ಬಾಬಿ ಚಾರ್ಲ್ಟನ್ ಇಬ್ಬರೂ ಶ್ರೂಸ್‌ಬರಿ ಬಳಿಯ ಸೇನಾ ಡಿಪೋದಲ್ಲಿದ್ದು ಶನಿವಾರ ರಜೆ ಪಡೆದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದವರು.

ಪಂದ್ಯದ ವರದಿಯನ್ನು ಓದುವ ರೀತಿ

ಪಂದ್ಯದ ದಿನ ಮಾರುತ್ತಿದ್ದ ಕಾರ್ಯಕ್ರಮ ಪುಸ್ತಿಕೆಯಲ್ಲಿರುವ ತಂಡವನ್ನು ನಂಬಬೇಡಿ. ಅದು ದಿನಗಳ ಮೊದಲೇ ಅಚ್ಚಾದದ್ದು, ಆಡಬಹುದಾದವರ ಪಟ್ಟಿ. ಮುಂದಿನ ತವರು ಪಂದ್ಯದ ಪುಸ್ತಿಕೆಯಲ್ಲಿ ಹಿಂದಿನ ಪಂದ್ಯದ ವಿವರ ಇರುತ್ತದೆ, ಅದು ಹೆಚ್ಚು ಗಟ್ಟಿ.

ಪತ್ರಿಕೆಗಳಲ್ಲಿ ಎರಡು ಬಗೆ. ಶನಿವಾರ ಸಂಜೆ ಗುಲಾಬಿ ಅಥವಾ ಹಸಿರು ಕಾಗದದಲ್ಲಿ ಬರುತ್ತಿದ್ದ ಕ್ರೀಡಾ ಸಂಚಿಕೆಗಳು (ಶೆಫೀಲ್ಡ್‌ನ ಹಸಿರು, ಮ್ಯಾಂಚೆಸ್ಟರ್‌ನ ಗುಲಾಬಿ ಹೆಸರುವಾಸಿ) ಪಂದ್ಯ ನಡೆಯುತ್ತಿದ್ದಂತೆಯೇ ಫೋನಿನಲ್ಲಿ ಹೇಳಿಸಿಕೊಂಡು ಅಚ್ಚು ಮಾಡಿದವು. ಮೊದಲಾರ್ಧದ ವಿವರ ಉದ್ದಕ್ಕೆ ಇರುತ್ತದೆ, ಕೊನೆಯ ಇಪ್ಪತ್ತು ನಿಮಿಷ ಎರಡೇ ಸಾಲು. ಗೋಲು ಹೊಡೆದವರ ಹೆಸರು ತಪ್ಪುವುದೂ ಇಲ್ಲೇ ಹೆಚ್ಚು. ಸೋಮವಾರದ ಪತ್ರಿಕೆ ನಿಧಾನವಾಗಿ ಬರೆದದ್ದು. ಸಾಧ್ಯವಾದರೆ ಎದುರಾಳಿ ಊರಿನ ಸೋಮವಾರದ ಪತ್ರಿಕೆಯನ್ನೂ ನೋಡಿ. ಬೇರೆ ವರದಿಗಾರ, ಬೇರೆ ಕಣ್ಣು. ಇಬ್ಬರೂ ಒಪ್ಪಿದರೆ ಕೋಷ್ಟಕಕ್ಕೆ ಹಾಕಿ.

ದೂರದಲ್ಲಿ ಕುಳಿತು ಕೆಲಸ ಮಾಡುವವರಿಗೆ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಎಂಬ ಚಂದಾ ತಾಣ ದೊಡ್ಡ ಆಸರೆ. ಆದರೆ ಅಲ್ಲಿ ಹುಡುಕುವುದು ಯಂತ್ರ ಓದಿದ ಅಕ್ಷರಗಳನ್ನು. ಹಳೆಯ ಒತ್ತು ಮುದ್ರಣದಲ್ಲಿ ಇಂಗ್ಲಿಷಿನ ಆರ್ ಮತ್ತು ಎನ್ ಅಂಟಿಕೊಂಡಿದ್ದರೆ ಯಂತ್ರ ಅದನ್ನು ಎಮ್ ಎಂದು ಓದುತ್ತದೆ, ಮಿಲ್ಬರ್ನ್ ಹೋಗಿ ಮಿಲ್ಬಮ್ ಆಗುತ್ತದೆ. ಆಟಗಾರನ ಹೆಸರಿನಿಂದ ಹುಡುಕಿ ಸಿಗಲಿಲ್ಲವೆಂದು ಕೈಬಿಡಬೇಡಿ. ಪಂದ್ಯದ ದಿನಾಂಕ ಹಾಕಿ, ಎರಡು ಕ್ಲಬ್‌ಗಳ ಹೆಸರು ಕೊಟ್ಟು, ಪುಟ ತೆರೆದು ಕಣ್ಣಿನಿಂದ ಓದಿ. ವರದಿಗಳಲ್ಲಿ ಮೊದಲ ಹೆಸರು ಅಪರೂಪ, ಬರೀ ಮನೆತನದ ಹೆಸರೇ ಇರುತ್ತದೆ. ಯುದ್ಧಕಾಲದಲ್ಲಿ ಮತ್ತು ನಂತರದ ಕೆಲ ವರ್ಷ ಕಾಗದಕ್ಕೆ ಪಡಿತರವಿದ್ದುದರಿಂದ ಪತ್ರಿಕೆಗಳು ತೆಳ್ಳಗಾಗಿ ವರದಿಗಳೂ ಮೊಟಕಾದವು.

ಅಂಗಿಯ ಸಂಖ್ಯೆ ವ್ಯಕ್ತಿಯದ್ದಲ್ಲ, ಸ್ಥಾನದ್ದು. 1939ರಿಂದ ಲೀಗ್‌ನಲ್ಲಿ ಕಡ್ಡಾಯವಾದ ಈ ಕ್ರಮದಲ್ಲಿ 1 ಗೋಲ್‌ಕೀಪರ್, 2 ಮತ್ತು 3 ಬಲ-ಎಡ ಬ್ಯಾಕ್, 4 ಬಲ ಹಾಫ್, 5 ಸೆಂಟರ್ ಹಾಫ್, 6 ಎಡ ಹಾಫ್, 7 ಔಟ್‌ಸೈಡ್ ರೈಟ್, 8 ಇನ್‌ಸೈಡ್ ರೈಟ್, 9 ಸೆಂಟರ್ ಫಾರ್ವರ್ಡ್, 10 ಇನ್‌ಸೈಡ್ ಲೆಫ್ಟ್, 11 ಔಟ್‌ಸೈಡ್ ಲೆಫ್ಟ್. ಒಂದೇ ಆಟಗಾರ ಈ ವಾರ 8, ಮುಂದಿನ ವಾರ 10 ತೊಟ್ಟಿರಬಹುದು. ಪ್ರತಿ ಪಂದ್ಯದ ಸಂಖ್ಯೆಯನ್ನು ಬರೆದುಕೊಂಡರೆ ವಯಸ್ಸಿನೊಂದಿಗೆ ಆಟಗಾರ ರೆಕ್ಕೆಯಿಂದ (ಮೈದಾನದ ಅಂಚಿನಿಂದ) ಒಳಕ್ಕೆ, ಮುಂದಿನಿಂದ ಹಿಂದಕ್ಕೆ ಸರಿದದ್ದು ಕಾಣುತ್ತದೆ. ಸೆಂಟರ್ ಹಾಫ್ ಎಂಬ ಹೆಸರಿಗೆ ಮೋಸಹೋಗಬೇಡಿ, ಈ ಹೊತ್ತಿಗೆ ಅವನು ನಡುಮೈದಾನದವನಲ್ಲ, ಇಬ್ಬರು ಬ್ಯಾಕ್‌ಗಳ ನಡುವಿನ ರಕ್ಷಕ.

ಲೀಗ್‌ನಲ್ಲಿ 1965-66ಕ್ಕೆ ಮುಂಚೆ ಬದಲಿ ಆಟಗಾರರೇ ಇರಲಿಲ್ಲ. ಇದರಿಂದ ಲೆಕ್ಕ ಹಗುರ: ಆಡಿದ ಎಂದರೆ ಆರಂಭದಿಂದಲೇ ಆಡಿದ. ವರದಿ ಓದುವುದು ಮಾತ್ರ ಇದರಿಂದ ತೊಡಕು. ಕಾಲು ಉಳುಕಿದವನನ್ನು ಹೊರಗೆ ಕಳಿಸಿದರೆ ಹತ್ತೇ ಜನ ಉಳಿಯುತ್ತಾರೆ, ಹಾಗಾಗಿ ಅವನನ್ನು ರೆಕ್ಕೆಗೆ ತಳ್ಳಿ ಕುಂಟುತ್ತಾ ನಿಲ್ಲಿಸುತ್ತಿದ್ದರು. 1953ರ ಕಪ್ ಫೈನಲ್‌ನಲ್ಲಿ ಬೋಲ್ಟನ್‌ನ ಹಾಫ್‌ಬ್ಯಾಕ್ ಎರಿಕ್ ಬೆಲ್ ಹೀಗೆ ಗಾಯಗೊಂಡೇ ತಲೆಯಿಂದ ಗೋಲು ಹೊಡೆದರು. 1957ರ ಫೈನಲ್‌ನಲ್ಲಿ ಗೋಲ್‌ಕೀಪರ್ ರೇ ವುಡ್ ಪೆಟ್ಟಾಗಿ ಬಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಸೆಂಟರ್ ಹಾಫ್ ಜಾಕಿ ಬ್ಲಾಂಚ್‌ಫ್ಲವರ್ ಗೋಲಿನಲ್ಲಿ ನಿಂತರು. ಒಬ್ಬ ಬ್ಯಾಕ್ "ಒಮ್ಮೆ ಔಟ್‌ಸೈಡ್ ಲೆಫ್ಟ್ ಆಗಿ ಆಡಿದ" ಎಂದು ಬರೆಯುವ ಮುಂಚೆ ಆ ದಿನ ಅವನ ಕಾಲು ಸರಿಯಿತ್ತೇ ಎಂದು ನೋಡಿ.

ಗೋಲಿನ ಲೆಕ್ಕದಲ್ಲಿ ಒಂದೆರಡರ ವ್ಯತ್ಯಾಸ ಸಹಜ. ಅದೇ 1953ರ ಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್‌ನ ಸ್ಟಾನ್ ಮಾರ್ಟೆನ್ಸನ್‌ರ ಮೊದಲ ಗೋಲು ಬೋಲ್ಟನ್‌ನ ಹೆರಾಲ್ಡ್ ಹ್ಯಾಸಲ್‌ಗೆ ತಗುಲಿ ಒಳಹೋಯಿತು. ಅದು ಹ್ಯಾಸಲ್ ತಮ್ಮದೇ ತಂಡದ ವಿರುದ್ಧ ಹೊಡೆದ ಸ್ವಂತ ಗೋಲು ಎಂದವರೂ ಇದ್ದಾರೆ. ಮಾರ್ಟೆನ್ಸನ್ ಹೆಸರಿಗೇ ಬರೆದು, ಅವರ ಮೂರು ಗೋಲುಗಳ ಸಾಧನೆ ಎಂದೇ ದಾಖಲೆಯಲ್ಲಿ ಉಳಿದಿದೆ. ಇಂಥದ್ದು ಸಿಕ್ಕರೆ ಒಂದನ್ನು ಆರಿಸಿ, ಇನ್ನೊಂದನ್ನು ಪಕ್ಕದಲ್ಲಿ ಬರೆದಿಡಿ. ಅಳಿಸಬೇಡಿ.

ದಿನಾಂಕಗಳ ಬಗ್ಗೆ ಎರಡು ಮಾತು. ಕ್ರಿಸ್‌ಮಸ್ ದಿನ ಮತ್ತು ಅದರ ಮರುದಿನ ಒಂದೇ ಎದುರಾಳಿಯೊಂದಿಗೆ ತವರಿನಲ್ಲೊಂದು, ಹೊರಗೊಂದು ಪಂದ್ಯ ಆಡುವ ವಾಡಿಕೆ 1950ರ ದಶಕದ ಕೊನೆಯವರೆಗೂ ಇತ್ತು. ಎರಡು ದಿನದಲ್ಲಿ ಎರಡು ಪಂದ್ಯ ಕಂಡರೆ ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕಬೇಡಿ. ಹಾಗೆಯೇ 1946-47ರ ಚಳಿಗಾಲದಲ್ಲಿ ಹಿಮ ಬಿದ್ದು ಮೈದಾನಗಳು ಕಲ್ಲಾಗಿ, ಋತು ಜೂನ್ 14ರವರೆಗೆ ಎಳೆಯಿತು. ಜೂನ್ ಪಂದ್ಯವೂ ಆ ವರ್ಷ ಲೀಗ್ ಪಂದ್ಯವೇ.

ಇವನೇನಾ ಅವನು?

ಹೆಸರು ಒಂದೇ ಆಗಿ ವ್ಯಕ್ತಿ ಬೇರೆಯಾಗುವ ಸಾಧ್ಯತೆ ಸದಾ ಇದೆ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ತಂದೆಯೂ ಜಾರ್ಜ್, ಮಗನೂ ಜಾರ್ಜ್. ಇಬ್ಬರೂ ಬ್ಲ್ಯಾಕ್‌ಪೂಲ್‌ನಲ್ಲಿ ಹುಟ್ಟಿದವರು, ಇಬ್ಬರೂ ಇನ್‌ಸೈಡ್ ಫಾರ್ವರ್ಡ್, ಇಬ್ಬರೂ ಇಂಗ್ಲೆಂಡ್‌ಗೆ ಆಡಿದವರು (ತಂದೆ 1 ಪಂದ್ಯ, ಮಗ 19). ಉತ್ತರ ಐರ್ಲೆಂಡ್‌ನ ಆರ್ಡ್ಸ್ ಕ್ಲಬ್‌ನಲ್ಲಿ ಇಬ್ಬರೂ ಒಟ್ಟಿಗೇ ಆಡಿದ್ದಾರೆ. ಇಂಥ ಕಡೆ ಹುಟ್ಟಿದ ವರ್ಷವೊಂದೇ ಬೇರ್ಪಡಿಸುವ ಗೆರೆ.

ಹುಟ್ಟಿದ ದಿನಕ್ಕೆ ಕ್ಲಬ್ ಕೈಪಿಡಿಯ ಮೇಲೆ ಭಾರ ಹಾಕಬೇಡಿ, ಒಂದೆರಡು ವರ್ಷ ಕಡಿಮೆ ಹೇಳುವುದು ಆಟಗಾರರಲ್ಲಿ ಹೊಸದೇನಲ್ಲ. ಇಂಗ್ಲೆಂಡ್‌ನ ಸಾರ್ವಜನಿಕ ಜನನ ಸೂಚಿ ವರ್ಷವನ್ನು ನಾಲ್ಕು ತ್ರೈಮಾಸಿಕವಾಗಿ ಭಾಗಿಸಿ ಕೊನೆಯ ತಿಂಗಳಿನಿಂದ ಹೆಸರಿಸುತ್ತದೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ಅದು ನೋಂದಣಿಯ ಕಾಲ, ಹುಟ್ಟಿದ ಕಾಲವಲ್ಲ. ನೋಂದಣಿಗೆ 42 ದಿನ ಅವಕಾಶವಿದ್ದುದರಿಂದ ಡಿಸೆಂಬರ್‌ನಲ್ಲಿ ಹುಟ್ಟಿದವನು ಮರುವರ್ಷದ ಮಾರ್ಚ್ ಭಾಗದಲ್ಲಿ ಸಿಗಬಹುದು. 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಸೂಚಿಯಲ್ಲೇ ತಾಯಿಯ ತವರು ಮನೆತನದ ಹೆಸರಿದೆ. ಸ್ಮಿತ್, ಜೋನ್ಸ್ ಮುಂತಾದ ಹೆಸರಿನ ರಾಶಿಯಲ್ಲಿ ಇದೇ ದಾರಿ ತೋರುವುದು. ಖಚಿತ ದಿನಾಂಕ ಬೇಕಾದರೆ ಪ್ರಮಾಣಪತ್ರದ ಪ್ರತಿಗೆ ಶುಲ್ಕ ಕಟ್ಟಲೇಬೇಕು.

ಜನಗಣತಿಯಲ್ಲಿ ದೊಡ್ಡ ಕಂದಕವಿದೆ. 1921ರದ್ದು ಸಾರ್ವಜನಿಕವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ನಡೆಯಲೇ ಇಲ್ಲ. ಈ ಜಾಗ ತುಂಬುವುದು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ. ಅದರಲ್ಲಿ ಹುಟ್ಟಿದ ದಿನಾಂಕ, ವಿಳಾಸ, ವೃತ್ತಿ ಎಲ್ಲವೂ ಇವೆ. ವೃತ್ತಿಯ ಕಲಮನ್ನು ಗಮನಿಸಿ: ಲೀಗ್ ನಿಂತು ಮೂರ್ನಾಲ್ಕು ವಾರವಾಗಿತ್ತು, ಆಟಗಾರರು ಆಗಲೇ ಬೇರೆ ಕೆಲಸ ಹಿಡಿದಿದ್ದರು. ಕಾರ್ಖಾನೆ ಕೆಲಸಗಾರ ಎಂದಿದ್ದರೆ ಇವನಲ್ಲ ಎಂದು ಬಿಟ್ಟುಬಿಡಬೇಡಿ.

ದಾಖಲೆಯ ಹೆಸರು ಬಿಟ್ಟು ಕರೆಯುವ ಹೆಸರುಗಳೂ ದಾರಿ ತಪ್ಪಿಸುತ್ತವೆ. ಜಾಕಿ, ಜಾಕ್ ಎಂದರೆ ದಾಖಲೆಯಲ್ಲಿ ಜಾನ್. ನ್ಯಾಟ್ ಎಂದರೆ ನಥಾನಿಯಲ್. ಹ್ಯಾರಿ ಹೆನ್ರಿಯಾಗಿರಬಹುದು, ಬರ್ಟ್ ಆಲ್ಬರ್ಟ್ ಅಥವಾ ಹರ್ಬರ್ಟ್. ನ್ಯೂಕಾಸಲ್‌ನ ಜಾಕಿ ಮಿಲ್ಬರ್ನ್ ಸರ್ಕಾರಿ ದಾಖಲೆಗೆ ಜಾನ್ ಎಡ್ವರ್ಡ್ ಥಾಂಪ್ಸನ್ ಮಿಲ್ಬರ್ನ್.

ಸಂಬಳ, ಒಪ್ಪಂದ, ವರ್ಗಾವಣೆ

ಇದನ್ನು ತಿಳಿಯದೆ ಈ ಕಾಲದ ಯಾವ ಆಟಗಾರನ ನಿರ್ಧಾರವನ್ನೂ ಅರ್ಥಮಾಡಿಕೊಳ್ಳಲಾಗುವುದಿಲ್ಲ. ಸಂಬಳಕ್ಕೆ ಗರಿಷ್ಠ ಮಿತಿ ಇತ್ತು. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಶುರುವಾದದ್ದು 1947ರಲ್ಲಿ 12, 1951ರಲ್ಲಿ 14, 1953ರಲ್ಲಿ 15, 1957ರಲ್ಲಿ 17, 1958ರಲ್ಲಿ 20 ಪೌಂಡ್ ಆಯಿತು. ಬೇಸಿಗೆ ಬಿಡುವಿನಲ್ಲಿ ಇನ್ನೂ ಕಡಿಮೆ, 1958ರಲ್ಲಿ 17. ಗೆಲುವಿಗೆ 2 ಪೌಂಡ್, ಡ್ರಾಗೆ 1 ಪೌಂಡ್ ಎಂಬ ಬೋನಸ್ ಬಹುಕಾಲ ನಡೆಯಿತು. 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಮುಂದಾಳತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಈ ಮಿತಿ ಹೋಯಿತು. ಬೆನ್ನಲ್ಲೇ ಫುಲ್ಹಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು.

ಇಲ್ಲಿ ಮಾಡುವ ತಪ್ಪು ಎರಡು. ಒಂದು, ಗರಿಷ್ಠವನ್ನೇ ಎಲ್ಲರ ಸಂಬಳ ಎಂದುಕೊಳ್ಳುವುದು. ಅದು ಮೇಲಿನ ಗೆರೆ ಮಾತ್ರ, ಮೀಸಲು ತಂಡದವರಿಗೂ ಕೆಳ ಡಿವಿಷನ್‌ನವರಿಗೂ ಬಹಳಷ್ಟು ಸಲ ಅದಕ್ಕಿಂತ ಕಡಿಮೆ. "ಗರಿಷ್ಠ ಮಿತಿ 15 ಪೌಂಡ್ ಇದ್ದ ಕಾಲ" ಎಂದು ಬರೆಯಿರಿ. "ಅವನಿಗೆ 15 ಪೌಂಡ್ ಬರುತ್ತಿತ್ತು" ಎನ್ನಲು ಒಪ್ಪಂದದ ಪ್ರತಿ ಕಾಣಬೇಕು. ಎರಡು, ಆ ಪೌಂಡನ್ನು ಇಂದಿನ ಹಣಕ್ಕೆ ಪರಿವರ್ತಿಸುವುದು. ಅದರಿಂದ ಏನೂ ತಿಳಿಯುವುದಿಲ್ಲ. ಅದೇ ವರ್ಷದ ಕಾರ್ಮಿಕನ ಸಂಬಳದ ಪಕ್ಕದಲ್ಲಿಡಿ: 1961ರ ಸುಮಾರಿಗೆ ದೈಹಿಕ ದುಡಿಮೆಯ ಗಂಡಸಿನ ವಾರದ ಸರಾಸರಿ ಗಳಿಕೆ 15 ಪೌಂಡ್ ಆಸುಪಾಸು. ಸಾವಿರಾರು ಜನ ಹಣ ಕೊಟ್ಟು ನೋಡಲು ಬರುತ್ತಿದ್ದವನಿಗೂ ಗೇಟಿನ ಹೊರಗಿನ ಕಾರ್ಮಿಕನಿಗೂ ಇದ್ದ ಅಂತರ 5 ಪೌಂಡ್. ಫಿನ್ನಿ ಕೊಳಾಯಿ ಕೆಲಸದ ವ್ಯವಹಾರ ನಡೆಸಿಕೊಂಡಿದ್ದದ್ದು ಹವ್ಯಾಸಕ್ಕಲ್ಲ. ಇನ್ನೊಂದು, 1971ರ ಫೆಬ್ರವರಿವರೆಗೆ ಒಂದು ಪೌಂಡ್‌ಗೆ 20 ಶಿಲಿಂಗ್, ಒಂದು ಶಿಲಿಂಗ್‌ಗೆ 12 ಪೆನ್ಸ್. ದಶಮಾಂಶದಲ್ಲಿ ಕೂಡಬೇಡಿ.

ಸಂಬಳಕ್ಕಿಂತ ಬಿಗಿಯಾದ ಗಂಟು ಉಳಿಸಿಕೊಳ್ಳುವ ಪದ್ಧತಿ. ಒಪ್ಪಂದ ಒಂದೇ ವರ್ಷದ್ದು, ಜೂನ್ 30ಕ್ಕೆ ಮುಗಿಯುತ್ತಿತ್ತು. ಋತುವಿನ ಕೊನೆಯಲ್ಲಿ ಕ್ಲಬ್ ಮೂರು ಪಟ್ಟಿ ಮಾಡುತ್ತಿತ್ತು: ಉಳಿಸಿಕೊಂಡವರು, ಬೆಲೆ ಕಟ್ಟಿ ಮಾರಾಟಕ್ಕಿಟ್ಟವರು, ಬೆಲೆಯಿಲ್ಲದೆ ಬಿಟ್ಟವರು. ಉಳಿಸಿಕೊಂಡವನು ಹೊಸ ಷರತ್ತಿಗೆ ಒಪ್ಪದಿದ್ದರೆ ಅವನಿಗೆ ಸಂಬಳವೂ ಇಲ್ಲ, ಲೀಗ್‌ನ ಬೇರೆ ಕ್ಲಬ್‌ಗೆ ಹೋಗುವಂತೆಯೂ ಇಲ್ಲ. ಪ್ರತಿ ಮೇ ತಿಂಗಳ ಸ್ಥಳೀಯ ಪತ್ರಿಕೆಯಲ್ಲಿ ಈ ಪಟ್ಟಿ ಅಚ್ಚಾಗಿರುತ್ತದೆ. ಪ್ರತಿ ಋತುವಿಗೂ ಹುಡುಕಿ ಕೋಷ್ಟಕಕ್ಕೆ ಸೇರಿಸಿ. ಆಗಸ್ಟ್‌ನಲ್ಲಿ ತಂಡದಲ್ಲಿಲ್ಲ, ಗಾಯದ ಸುದ್ದಿಯೂ ಇಲ್ಲ, ವರ್ಗಾವಣೆಯೂ ಇಲ್ಲ ಎಂದಾಗ ಸಹಿ ಹಾಕಲು ನಿರಾಕರಿಸಿದ್ದನೇ ಎಂದು ನೋಡಬೇಕು. ಮಗ ಜಾರ್ಜ್ ಈಸ್ಟ್‌ಹ್ಯಾಮ್ 1960ರಲ್ಲಿ ನ್ಯೂಕಾಸಲ್‌ಗೆ ಸಹಿ ಹಾಕದೆ ತಿಂಗಳುಗಟ್ಟಲೆ ಫುಟ್‌ಬಾಲ್ ಬಿಟ್ಟು ಬೇರೆ ಕೆಲಸ ಮಾಡಿದರು, ಆಮೇಲೆ 47,500 ಪೌಂಡ್‌ಗೆ ಆರ್ಸೆನಲ್ ಸೇರಿದರು. ಅವರ ಮೊಕದ್ದಮೆಯಲ್ಲಿ 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಈ ಪದ್ಧತಿಯ ಉಳಿಸಿಕೊಳ್ಳುವ ಭಾಗವನ್ನು ವೃತ್ತಿಗೆ ಹಾಕಿದ ಅನ್ಯಾಯದ ತಡೆ ಎಂದರು.

ವರ್ಗಾವಣೆಯ ಹಣ ಕ್ಲಬ್‌ಗೆ. ಆಟಗಾರನಿಗೆ ಸಹಿಯ 10 ಪೌಂಡ್. ಟಾಮಿ ಲಾಟನ್ 1947ರಲ್ಲಿ 20,000 ಪೌಂಡ್‌ಗೆ ಚೆಲ್ಸಿಯಿಂದ ಮೂರನೇ ಡಿವಿಷನ್‌ನ ನಾಟ್ಸ್ ಕೌಂಟಿಗೆ ಹೋದಾಗಲೂ ನಿಯಮ ಇದೇ. ಉತ್ತುಂಗದಲ್ಲಿದ್ದ ಆಟಗಾರ ಎರಡು ಡಿವಿಷನ್ ಕೆಳಗಿಳಿದದ್ದನ್ನು ಪತನ ಎಂದು ಬರೆಯುವ ಆತುರ ಬೇಡ: ಸಂಬಳದ ಮಿತಿ ಎಲ್ಲ ಡಿವಿಷನ್‌ಗೂ ಒಂದೇ ಆಗಿತ್ತು, ಇಳಿದರೆ ಸಂಬಳವೇನೂ ಇಳಿಯಬೇಕಾಗಿರಲಿಲ್ಲ. 1950ರಲ್ಲಿ ಸ್ಟೋಕ್‌ನ ನೀಲ್ ಫ್ರಾಂಕ್ಲಿನ್ ಆಗ ಫಿಫಾ ಹೊರಗಿದ್ದ ಕೊಲಂಬಿಯಾದ ಬೊಗೊಟಾಗೆ ಹೋದದ್ದೂ ಇದೇ ಹಿನ್ನೆಲೆಯಲ್ಲಿ. ಸತತ 27 ಪಂದ್ಯ ಇಂಗ್ಲೆಂಡ್‌ಗೆ ಆಡಿದ್ದ ಅವರು ಮರಳಿದಾಗ ಅಮಾನತಾದರು, ಮತ್ತೆ ಇಂಗ್ಲೆಂಡ್‌ಗೆ ಆಡಲೇ ಇಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ 10,000 ಪೌಂಡ್ ಕೊಡಲು ಮುಂದಾದಾಗ ಫಿನ್ನಿಯನ್ನು ಪ್ರೆಸ್ಟನ್ ಬಿಡಲಿಲ್ಲ.

ಇಂಗ್ಲೆಂಡ್ ಅಂಗಿ

ಇಲ್ಲಿ ಒಂದೇ ಎಚ್ಚರ. ಯುದ್ಧಕಾಲದ ಮತ್ತು 1945-46ರ ವಿಜಯೋತ್ಸವದ ಅಂತರರಾಷ್ಟ್ರೀಯ ಪಂದ್ಯಗಳಿಗೆ ಕ್ಯಾಪ್ ಇಲ್ಲ, ಅಂದರೆ ಅವು ಅಧಿಕೃತ ಪಂದ್ಯಗಳಲ್ಲ. ಮ್ಯಾಥ್ಯೂಸ್‌ರ 54 ಕ್ಯಾಪ್‌ಗಳಲ್ಲಿ ಅವು ಸೇರಿಲ್ಲ. ಲೀಗ್‌ನ ಆಯ್ದ ಆಟಗಾರರ ಫುಟ್‌ಬಾಲ್ ಲೀಗ್ ತಂಡದ ಪಂದ್ಯಗಳು, ಬಿ ತಂಡದ ಪಂದ್ಯಗಳೂ ಬೇರೆ. 1943ರಲ್ಲಿ ಮಾರ್ಟೆನ್ಸನ್ ವೆಂಬ್ಲಿಯಲ್ಲಿ ಆಡಿದ್ದು ಇಂಗ್ಲೆಂಡ್ ವಿರುದ್ಧ, ಗಾಯಗೊಂಡ ವೇಲ್ಸ್ ಆಟಗಾರನ ಬದಲಿಗೆ! ಇಂಥದ್ದು ಜೀವನಚಿತ್ರದಲ್ಲಿರಲೇಬೇಕು, ಮೊತ್ತದಲ್ಲಿರಬಾರದು.

ಆಟ ಮುಗಿದ ಮೇಲೆ

ಲೀಗ್ ಪುಸ್ತಕಗಳಲ್ಲಿ ಹೆಸರು ನಿಂತ ಮಾತ್ರಕ್ಕೆ ಆಟ ನಿಂತಿತೆಂದಲ್ಲ. ಸದರ್ನ್ ಲೀಗ್, ಚೆಷೈರ್ ಕೌಂಟಿ ಲೀಗ್, ಲ್ಯಾಂಕಷೈರ್ ಕಾಂಬಿನೇಷನ್ ಮುಂತಾದ ಕೆಳಗಿನ ಲೀಗ್‌ಗಳಲ್ಲಿ ಅರೆಕಾಲಿಕವಾಗಿ ಆಡುತ್ತ, ಹಗಲು ಬೇರೆ ಕೆಲಸ ಮಾಡಿದವರು ಬಹಳ. ಆ ಊರಿನ ವಾರಪತ್ರಿಕೆಯೇ ಇದಕ್ಕೆ ಆಧಾರ. ಗಾಯದಿಂದ ಮುಗಿದಿದ್ದರೆ ಕೊನೆಯ ಪಂದ್ಯದ ನಂತರದ ಎರಡು ವಾರದ ಪತ್ರಿಕೆಗಳನ್ನೂ ಓದಿ. ಶೆಫೀಲ್ಡ್ ವೆನ್ಸ್‌ಡೇಯ ಡೆರೆಕ್ ಡೂಲಿ 1951-52ರಲ್ಲಿ 30 ಲೀಗ್ ಪಂದ್ಯದಲ್ಲಿ 46 ಗೋಲು ಹೊಡೆದವರು. 1953ರ ಫೆಬ್ರವರಿ 14ರಂದು ಪ್ರೆಸ್ಟನ್‌ನಲ್ಲಿ ಕಾಲು ಮುರಿಯಿತು. ಮೊದಲ ಸುದ್ದಿ ಬರೀ ಮೂಳೆ ಮುರಿತ. ಗ್ಯಾಂಗ್ರೀನ್ ಆಗಿ ಕಾಲು ಕತ್ತರಿಸಿದ್ದು ಆಮೇಲೆ. ಆಗ ಅವರಿಗೆ 23 ವರ್ಷ.

ಕ್ಲಬ್ ಮನೆಯನ್ನು ಮರೆಯಬೇಡಿ. ಬಹಳ ಆಟಗಾರರು ಕ್ಲಬ್‌ನ ಬಾಡಿಗೆ ಮನೆಯಲ್ಲಿದ್ದರು, ಕ್ಲಬ್ ಬಿಟ್ಟರೆ ಮನೆಯೂ ಹೋಗುತ್ತಿತ್ತು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾದ ವರ್ಷವನ್ನು ಕೋಷ್ಟಕದೊಂದಿಗೆ ಹೋಲಿಸಿ. ಆಗ ಮತದಾನದ ವಯಸ್ಸು 21, ಎಳೆಯರು ಪಟ್ಟಿಯಲ್ಲಿರುವುದಿಲ್ಲ.

ಮರಣ ಸೂಚಿಯಲ್ಲಿ 1969ರ ಜೂನ್ ತ್ರೈಮಾಸಿಕದಿಂದ ಹುಟ್ಟಿದ ದಿನಾಂಕವೂ ಇದೆ, ಅದು ನೀವು ಮೊದಲು ಹುಡುಕಿದ್ದನ್ನು ಪರೀಕ್ಷಿಸುವ ಕಲ್ಲು. ಮರಣದ ಕಾರಣ ಮರೆವಿನ ಕಾಯಿಲೆ ಎಂದಿದ್ದರೆ ಅದನ್ನು ಮರ್ಯಾದೆಯಿಂದ, ಅಳತೆ ಮೀರದೆ ಬರೆಯಿರಿ. ಆ ಕಾಲದ ತೊಗಲಿನ ಚೆಂಡು ಒಣಗಿದ್ದಾಗ 14ರಿಂದ 16 ಔನ್ಸ್, ಮಳೆಯಲ್ಲಿ ನೀರು ಕುಡಿದು ಇನ್ನೂ ಭಾರ. 2002ರಲ್ಲಿ ಮಾಜಿ ಆಟಗಾರ ಜೆಫ್ ಆಸಲ್ ಸಾವಿನ ವಿಚಾರಣೆಯಲ್ಲಿ ಮರಣ ವಿಚಾರಣಾಧಿಕಾರಿ ಅವರ ಮರೆವಿನ ಕಾಯಿಲೆಯನ್ನು ವೃತ್ತಿಯಿಂದ ಬಂದದ್ದು ಎಂದರು. ಆದರೆ ಒಬ್ಬ ಆಟಗಾರನಿಗೆ ಚೆಂಡನ್ನು ತಲೆಯಿಂದ ಹೊಡೆದದ್ದರಿಂದಲೇ ಹೀಗಾಯಿತು ಎಂದು ಪ್ರಮಾಣಪತ್ರವೊಂದನ್ನೇ ಹಿಡಿದು ಹೇಳಲಾಗದು. ಕುಟುಂಬದವರು ಬದುಕಿದ್ದರೆ ಅವರನ್ನು ಕೇಳದೆ ಪ್ರಕಟಿಸಬೇಡಿ.

ಕನ್ನಡದಲ್ಲಿ ಬರೆಯುವಾಗ

ಊರಿನ ಹೆಸರನ್ನು ಕಾಗುಣಿತ ನೋಡಿ ಬರೆಯದೆ ಉಚ್ಚಾರ ಕೇಳಿ ಬರೆಯಿರಿ: ಲೆಸ್ಟರ್, ಗ್ಲಾಸ್ಟರ್, ನಾರಿಚ್, ಡಾರ್ಬಿ. ಹುಡುಕಲು ಇಂಗ್ಲಿಷ್ ಕಾಗುಣಿತವನ್ನು ನಿಮ್ಮ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಿ. ಜಿಲ್ಲೆಯ ಗಡಿಗಳು 1974ರ ಏಪ್ರಿಲ್‌ನಲ್ಲಿ ಬದಲಾದವು. ಲಾಫ್ಟ್‌ಹೌಸ್ ಹುಟ್ಟಿದ್ದು ಲ್ಯಾಂಕಷೈರ್‌ನ ಬೋಲ್ಟನ್‌ನಲ್ಲಿ, ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ ಅಲ್ಲ.

ಕೊನೆಯಲ್ಲಿ ಮೊತ್ತವನ್ನು ಬಿಡಿಸಿ ಬರೆಯಿರಿ. ಫಿನ್ನಿಗೆ ಅದು ಹೀಗಿರುತ್ತದೆ: ಪ್ರೆಸ್ಟನ್, ಲೀಗ್, 1946-47ರಿಂದ 1959-60, 433 ಪಂದ್ಯ 187 ಗೋಲು. ಎಫ್.ಎ. ಕಪ್ 40 ಪಂದ್ಯ 23 ಗೋಲು. ಇಂಗ್ಲೆಂಡ್ 76 ಪಂದ್ಯ 30 ಗೋಲು. ಯುದ್ಧಕಾಲದ ಪಂದ್ಯಗಳು ಬೇರೆ ಸಾಲಿನಲ್ಲಿ. ಅದರ ಕೆಳಗೆ ಇನ್ನೊಂದು ಸಾಲು: ನಿವೃತ್ತರಾಗಿ ಮೂರು ವರ್ಷದ ನಂತರ, 1963ರಲ್ಲಿ, 41ನೇ ವಯಸ್ಸಿನಲ್ಲಿ, ಬೆಲ್‌ಫಾಸ್ಟ್‌ನ ಡಿಸ್ಟಿಲರಿ ಕ್ಲಬ್ ಪರ ಪೋರ್ಚುಗಲ್‌ನ ಬೆನ್ಫಿಕಾ ವಿರುದ್ಧ ಯುರೋಪಿಯನ್ ಕಪ್‌ನಲ್ಲಿ ಒಂದು ಪಂದ್ಯ, ಫಲಿತಾಂಶ 3-3.